ಮಾವನವರ ಪಿಸುದನಿ, ನನ್ನ ಗುಂಯ್‌ಗುಡುವ ಪೆಟ್ಟಿಗೆ

ಕೀಲಿ ಹಾಕಿದ ಮೇಲೆ ಅದನ್ನು ಎರಡು ಸಲ ಜಗ್ಗಿ ನೋಡುವವರಿದ್ದಾರೆ. ನಾನು ಜಗ್ಗಿ ನೋಡಿ, ಓಣಿಯ ತಿರುವಿನ ತನಕ ಹೋಗಿ, ಜಗ್ಗಿದ್ದರಿಂದಲೇ ಅದು ಸಡಿಲಾಗಿರಬಹುದೆಂದು ತಿರುಗಿ ಬರುವವನು. ಐವತ್ತರ ಹೊತ್ತಿಗೆ ಇದೆಲ್ಲ ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಮದುವೆಯ ಹೊಸತರಲ್ಲಿ ಹೆಂಡತಿಗೆ ಮಾತು ಕೊಟ್ಟಿದ್ದೆ. ಈಗ ಐವತ್ತೆರಡು. ಅವಳು ಆ ಮಾತು ಎತ್ತುವುದಿಲ್ಲ. ತಿರುವಿನಲ್ಲಿ ಯಾರದಾದರೂ ಕಟ್ಟೆ ನೋಡಿ ಕುಳಿತು ಕಾಯುತ್ತಾಳೆ.

ಇಂಥವನಿಗೆ ಅಂಟಿಕೊಂಡ ಹವ್ಯಾಸವಾದರೂ ಎಂಥದು? ಕರೆಂಟಿನದು. ಹಾವೇರಿ ಇನ್ನೂ ಜಿಲ್ಲೆಯಾಗಿರದ ಕಾಲ. ನಾನು ಅಲ್ಲಿಯ ಕೋರ್ಟಿನಲ್ಲಿ ಕಾರಕೂನನಾಗಿದ್ದೆ. ವಾರವೆಲ್ಲ ಬೇರೆಯವರ ಜಗಳದ ಕಾಗದಗಳಿಗೆ ದಾರ ಪೋಣಿಸಿ ಕಟ್ಟುವುದು, ರವಿವಾರ ಬಂತೆಂದರೆ ಪಡಸಾಲೆಯಲ್ಲಿ ಕುಳಿತು ತಂತಿಗೆ ತಂತಿ ಬೆಸೆಯುವುದು. ಒಂದು ರೇಡಿಯೋ ಮಾಡಿದ್ದೆ, ಅದು ಮಾತಾಡುತ್ತಿತ್ತು. ಒಂದು ಕರೆಗಂಟೆ ಮಾಡಿದ್ದೆ, ಅದು ಯಾರೂ ಒತ್ತದೆಯೂ ಬಾರಿಸುತ್ತಿತ್ತು. ಇಷ್ಟೇ ನನ್ನ ವಿದ್ಯೆ. ಇದರ ಭರವಸೆಯ ಮೇಲೆ ಮಾವನವರ ದನಿಯ ಜವಾಬ್ದಾರಿಯನ್ನು ಹೊತ್ತುಕೊಂಡೆ.

ಹೆಂಡತಿಯ ತಂದೆ, ನನ್ನ ಮಾವ, ಬ್ಯಾಡಗಿಯ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ನಿವೃತ್ತಿಯ ಮರುವಾರವೇ ಅವರೊಂದು ಹೊಸ ಶಾಲೆ ಹಿಡಿದರು. ಅವರ ಹಳೆಯ ವಿದ್ಯಾರ್ಥಿಯೊಬ್ಬ ಮೆಣಸಿನಕಾಯಿ ವ್ಯಾಪಾರದ ಸಾವ್ಕಾರ. ಅವನ ಗೋದಾಮಿನಲ್ಲಿ ಐವತ್ತು ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯ ತನಕ ಕಾಯಿಯ ತೊಟ್ಟು ಬಿಡಿಸುತ್ತ ಕೂರುತ್ತಿದ್ದರು. ಕೈಗೆ ಕೆಲಸ, ಕಿವಿ ಖಾಲಿ. ಮಾವ ಒಂದು ದಿನ ಯಾರನ್ನೋ ಹುಡುಕಿಕೊಂಡು ಒಳಗೆ ಹೋದವರು ಕಂಕುಳಲ್ಲಿದ್ದ ವಾರಪತ್ರಿಕೆಯಿಂದ ಒಂದು ಕತೆ ಓದಿದರು. ಮರುದಿನ ಆ ಹೆಣ್ಣುಮಕ್ಕಳೇ ಕರೆಸಿದರು. ಹೀಗೆ ಎಂಟು ವರ್ಷ. ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ದಬ್ಬಣದಿಂದ ಹೊಲಿದು, ರಟ್ಟು ಹಾಕಿ, ಒಂದೊಂದನ್ನೂ ಗೋದಾಮಿಗೆ ಹೊತ್ತು ಗಟ್ಟಿಯಾಗಿ ಓದುವುದೇ ಅವರ ದಿನಚರಿಯಾಯಿತು. ಘಾಟಿಗೆ ಅರ್ಧ ಮಂದಿ ಸೀನುತ್ತಿದ್ದರೆ ಸೀನು ಮುಗಿಯುವ ತನಕ ನಿಲ್ಲಿಸಿ, ಅದೇ ಸಾಲಿನಿಂದ ಮತ್ತೆ ಎತ್ತಿಕೊಳ್ಳುತ್ತಿದ್ದರು. ಶಾಲೆಯಲ್ಲಿ ನಲವತ್ತು ವರ್ಷದಲ್ಲಿ ಸಿಗದಂಥ ವಿದ್ಯಾರ್ಥಿಗಳು ಎಂದು ಹೇಳಿಕೊಳ್ಳುತ್ತಿದ್ದರು. ಒಬ್ಬರೂ ಎದ್ದು ಹೊರಗೆ ಹೋಗಲು ಬೆರಳೆತ್ತುವುದಿಲ್ಲವಂತೆ.

ಒಂಬತ್ತನೆಯ ವರ್ಷ ಗಂಟಲಿನಲ್ಲಿ ಒಂದು ಗಂಟು ಬಂತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲವೆಂದು ಡಾಕ್ಟರು ಹೇಳಿದರು. ಆದರೆ ಅದು ಹೋಗುವಾಗ ದನಿಯನ್ನೂ ಕೈಹಿಡಿದು ಕರೆದುಕೊಂಡು ಹೋಗಿತ್ತು. ಉಳಿದದ್ದು ಪಿಸುಮಾತು ಮಾತ್ರ. ಕಿವಿಯ ಹತ್ತಿರ ಬಂದರೆ ಪ್ರತಿ ಅಕ್ಷರವೂ ಸ್ಪಷ್ಟ, ಎರಡು ಮಾರು ಆಚೆಗೆ ಏನೂ ಇಲ್ಲ. ದೂರದವರೊಡನೆ ಮಾತಾಡಲು ಅವರು ಹಳೆಯ ಪಾಟಿ ಬಳಪ ಹಿಡಿದರು.

ಕತೆ ನಿಂತದ್ದು ಎಂಥ ಜಾಗದಲ್ಲಿ ಎನ್ನುತ್ತೀರಿ! ಆಗ ಓದುತ್ತಿದ್ದ ಧಾರಾವಾಹಿಯ ಹುಡುಗಿ ಅತ್ತೆಯ ಬೈಗುಳ ತಿಂದು, ಕೊಡ ಹಿಡಿದು ಹೋಗಿ, ಬಾವಿಯ ಕಟ್ಟೆ ಹತ್ತಿ ಒಳಗೆ ಬಗ್ಗಿ ನೋಡುತ್ತಿದ್ದಳು. ಮಾವ ಆವತ್ತು ಅಲ್ಲಿಗೆ ರಟ್ಟು ಮುಚ್ಚಿ ಹುಬ್ಬಳ್ಳಿಗೆ ಹೋದವರು. ಎರಡು ತಿಂಗಳಾದರೂ ಹುಡುಗಿ ಕಟ್ಟೆ ಇಳಿದಿರಲಿಲ್ಲ. ಅಕ್ಷರ ಬಲ್ಲ ಇನ್ನೊಬ್ಬಳಿಂದ ಓದಿಸಲು ನೋಡಿದರಂತೆ. ಅವಳು ಮನೆಯ ದಿನಸಿ ಚೀಟಿ ಓದಿದಂತೆ ಓದಿದಳೆಂದು ಮೂರನೇ ಸಾಲಿಗೇ ಪುಸ್ತಕ ಕಸಿದುಕೊಂಡರಂತೆ. ಮಾವ ಗುಣವಾಗಿ ಬಂದು ಗೋದಾಮಿನ ಮುಂದೆ ಹಾಯ್ದಾಗ, ಐವತ್ತು ಮಂದಿಯ ಹಿರಿಯಳು, ಎಲ್ಲರೂ ಆಯಿ ಎಂದು ಕರೆಯುವ ಮುದುಕಿ, ಬಾಗಿಲಿಗೆ ಬಂದು ಕೇಳಿದಳಂತೆ:

"ಮಾಸ್ತರ, ಆ ಹುಡುಗಿ ಇನ್ನೂ ಬಾವಿ ಕಟ್ಟಿ ಮ್ಯಾಲ ನಿಂತಾಳೇನ್ರಿ? ಕಾಲು ನೋಯಂಗಿಲ್ಲೇನು ಅಕಿಗೆ?"

ಮಾವ ಹಾದಿಯಲ್ಲೇ ನಿಂತು ಪಾಟಿಯ ಮೇಲೆ ಏನೋ ಬರೆದು ತೋರಿಸಿದರು. ಆಯಿಗೆ ಓದಲು ಬರುತ್ತಿರಲಿಲ್ಲ. ಮಾವ ಪಾಟಿ ಒರೆಸಿಕೊಂಡು ಮುಂದೆ ನಡೆದರಂತೆ. ಇದನ್ನು ನನಗೆ ಹೇಳುವಾಗ ಹೆಂಡತಿ ನಗಲು ಶುರುಮಾಡಿ, ನಡುವೆಯೇ ನಿಲ್ಲಿಸಿ, ಒಳಗೆ ಹೋದಳು.

ಸಾವ್ಕಾರ ಒಳ್ಳೆಯವನೇ. ಆದರೆ ಸುಮ್ಮನೆ ಕೂತ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಸೊಸೆಯಂದಿರ ಕತೆ ಹೇಳುತ್ತ ಕೈ ನಿಲ್ಲಿಸುತ್ತಾರೆಂದು ಅವನ ಗೋಳು. ಟೇಪ್‌ರೆಕಾರ್ಡರ್ ತಂದು ಸಿನೆಮಾ ಹಾಡು ಹಾಕಬೇಕೆಂದಿದ್ದ. ಮಾಸ್ತರಿಗಾಗಿ ಸಂಕ್ರಾಂತಿಯ ನಂತರದ ಮೊದಲ ಸೋಮವಾರದ ತನಕ ತಡೆಯುತ್ತೇನೆ, ಅಷ್ಟರಲ್ಲಿ ದನಿ ಬಂದರೆ ಸರಿ, ಇಲ್ಲವಾದರೆ ಹಾಡು ಎಂದು ತಲೆ ತಗ್ಗಿಸಿಕೊಂಡೇ ಹೇಳಿದ. ಬಾಡಿಗೆಯ ಲೌಡ್‌ಸ್ಪೀಕರನ್ನೂ ಒಂದು ದಿನ ತಂದು ನೋಡಿದ್ದರು. ತಗಡಿನ ಮಾಡಿನ ಕೆಳಗೆ ಅದು ಕೂಗಿದ ಕೂಗಿಗೆ ಪಿಸುಮಾತು ಬೆದರಿ ಓಡಿಹೋಗಿತ್ತು. ಅಂಥ ದನಿಗೆ ಬೇಕಾದದ್ದು ಗದ್ದಲವಲ್ಲ, ನಿಶ್ಶಬ್ದವಾದ ಸಣ್ಣ ಆಂಪ್ಲಿಫೈಯರ್, ಅದನ್ನು ನಾನು ಮಾಡಿಕೊಡುತ್ತೇನೆ ಎಂದೆ. ಇದನ್ನು ನಾನೇ ಹೇಳಿದೆನೆಂದು ಈಗಲೂ ನಂಬಿಕೆಯಾಗುವುದಿಲ್ಲ.

ಸಾಮಾನು ರಾಣೇಬೆನ್ನೂರಿನಿಂದ ತಂದೆ. ಅಲ್ಲಿ ಸ್ಟೇಷನ್ ರಸ್ತೆಯ ಒಂದು ಕಿರಿದಾದ ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುವ ಚಾಚಾ ಇದ್ದರು. ಊರಿನ ಅರ್ಧ ರೇಡಿಯೋಗಳು ಅವರ ಕಪಾಟಿನಲ್ಲಿ ವಾಸವಾಗಿದ್ದವು. ಅವರು ಕೊಟ್ಟ ಟ್ರಾನ್ಸ್‌ಫಾರ್ಮರ್, ಸರ್ಕ್ಯೂಟಿನ ಹಲಗೆ, ಮೈಕು, ಸ್ಪೀಕರುಗಳನ್ನೆಲ್ಲ ಒಂದು ಕಬ್ಬಿಣದ ತಗಡಿನ ಪೆಟ್ಟಿಗೆಯಲ್ಲಿ ಕೂಡಿಸತೊಡಗಿದೆ. ಕೂಡಿಸುತ್ತಿದ್ದಂತೆ ನನ್ನ ಮೂಲ ಸ್ವಭಾವ ಎಚ್ಚರವಾಯಿತು.

ಗೋದಾಮನ್ನು ನೆನೆಸಿಕೊಳ್ಳಿ. ಒಣಗಿದ ಕಾಯಿ ಹಿಡಿದರೆ ಹಪ್ಪಳದಂತೆ ಪುಡಿಯಾಗುತ್ತದೆಂದು ಬೆಳಿಗ್ಗೆ ರಾಶಿಗೆ ನೀರು ಚಿಮುಕಿಸುತ್ತಾರೆ. ನೆಲವೆಲ್ಲ ಹಸಿ. ಆ ನೆಲದ ಮೇಲೆ ಮಾವ ಬರಿಗಾಲಿನಲ್ಲಿ ಕುಳಿತಿರುತ್ತಾರೆ, ಕೈಯಲ್ಲಿ ಲೋಹದ ಮೈಕು. ಪೆಟ್ಟಿಗೆಯೊಳಗೆ ಒಂದು ತಂತಿಯ ಹೊದಿಕೆ ಸವೆದು ತಗಡಿಗೆ ತಾಗಿತೆಂದರೆ ಕರೆಂಟು ತಗಡಿಗೆ, ತಗಡಿನಿಂದ ಮೈಕಿಗೆ, ಮೈಕಿನಿಂದ ಮಾವನಿಗೆ, ಮಾವನಿಂದ ಭೂಮಿಗೆ. ಇದನ್ನು ತಪ್ಪಿಸಲು ಪೆಟ್ಟಿಗೆಯನ್ನು ಮೊದಲೇ ದಪ್ಪ ತಂತಿಯಿಂದ ಭೂಮಿಗೆ ಜೋಡಿಸಿಡಬೇಕು. ಪಿನ್ನಿನ ಮೂರನೆಯ ಕಾಲು ಇರುವುದೇ ಅದಕ್ಕೆ. ಆಗ ಕರೆಂಟು ಆ ಹತ್ತಿರದ ಹಾದಿ ಹಿಡಿದು ಫ್ಯೂಸು ಹಾರಿಸುತ್ತದೆ, ಮಾವ ಉಳಿಯುತ್ತಾರೆ. ಇದನ್ನು ಅರ್ಥಿಂಗ್ ಎನ್ನುತ್ತಾರೆ. ಒಂದು ಅರ್ಥಿಂಗ್ ಮಾವನನ್ನು ಉಳಿಸುವುದಾದರೆ ಹತ್ತು ಇದ್ದರೆ ಇನ್ನೂ ಒಳ್ಳೆಯದಲ್ಲವೇ? ಟ್ರಾನ್ಸ್‌ಫಾರ್ಮರಿಗೊಂದು ತಂತಿ, ದನಿಯ ಗುಂಡಿಗೊಂದು, ಮೈಕು ಸಿಕ್ಕಿಸುವ ಜಾಗಕ್ಕೊಂದು, ಸ್ಪೀಕರಿಗೊಂದು, ಹೀಗೆ ಸ್ಕ್ರೂ ಕಂಡಲ್ಲೆಲ್ಲ ತಗಡಿಗೆ ತಂತಿ ಬಿಗಿದೆ. ಅದೂ ಸಾಲದೆ ಪೆಟ್ಟಿಗೆಯಿಂದ ಹಿತ್ತಲಿನ ನಳದ ಪೈಪಿಗೆ ಬೇರೊಂದು ತಂತಿ ಎಳೆದೆ. ಆ ನಳ ನಮಗೂ ನೆರೆಮನೆಗೂ ಕೂಡಿದ್ದು. ನೆರೆಮನೆಯಾಕೆ ಕೊಡ ಹಿಡಿದು ಬಂದವರು ತಂತಿಯನ್ನೇ ನೋಡುತ್ತ ನಿಂತರು.

"ನೀರು ಬರೂದ ಎಂಟು ದಿನಕ್ಕೊಮ್ಮೆ," ಎಂದರು. "ಅದಕ್ಕೂ ಓಡಿಹೋಗಬಾರ್ದಂತ ಕಟ್ಟಿ ಹಾಕೀರೇನ್ರಿ?"

ರವಿವಾರ ಮಧ್ಯಾಹ್ನ ಮಾವ ಬ್ಯಾಡಗಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂದರು. ಊಟವಾದ ಮೇಲೆ ಗುಂಡಿ ಒತ್ತಿದೆ. ಪೆಟ್ಟಿಗೆ ಗುಂಯ್ ಎಂದಿತು. ಸಣ್ಣ ಗುಂಯ್ ಅಲ್ಲ. ಹುಣಸೆ ಮರದ ಜೇನುಗೂಡಿಗೆ ಯಾರೋ ಕಲ್ಲು ಹೊಡೆದ ಗುಂಯ್. ಮಾವ ಮೈಕಿನಲ್ಲಿ ಏನೋ ಓದಿದರು. ಆ ಗೂಡಿನೊಳಗೆ ಕುಳಿತು ಒಬ್ಬ ಮಾಸ್ತರ ಹುಳುಗಳಿಗೆ ಪಾಠ ಹೇಳಿದಂತೆ ಕೇಳಿತು. ದನಿ ಏರಿಸಿದರೆ ಗುಂಯ್ ಕೂಡ ಏರುತ್ತಿತ್ತು. ಮಾವ ಮೈಕು ಕೆಳಗಿಟ್ಟು ಪಾಟಿ ತೆಗೆದುಕೊಂಡರು. ಬರೆದು ನನ್ನತ್ತ ತಿರುಗಿಸಿದರು: ಹತ್ತಕ್ಕೆ ಮೂರು. ಕೆಳಗೆ, ಸಣ್ಣ ಅಕ್ಷರದಲ್ಲಿ: ಪೆಟ್ಟಿಗೆಯ ಬಣ್ಣ ಚೆನ್ನಾಗಿದೆ.

ಅವರು ಸಂಜೆಯ ಗಾಡಿಗೆ ಹೋದ ಮೇಲೆ ನಾನು ಪೆಟ್ಟಿಗೆಯ ಮುಂದೆ ಕುಳಿತು ಅತ್ತ ಇತ್ತ ಸರಿಸುತ್ತಿದ್ದೆ. ಪಿನ್ನಿನೊಳಗಿನ ಹಸಿರು ತಂತಿ, ಅದೇ ಅರ್ಥಿಂಗಿನ ತಂತಿ, ಕಳಚಿಕೊಂಡಿತು. ಗುಂಯ್ ಒಮ್ಮೆಲೇ ಅರ್ಧಕ್ಕಿಂತ ಕಡಿಮೆಯಾಯಿತು. ಎದ್ದು ಹೋಗಿ ನಳದ ತಂತಿಯನ್ನೂ ಬಿಚ್ಚಿದೆ. ಇನ್ನಷ್ಟು ಇಳಿಯಿತು. ಪಡಸಾಲೆಯಲ್ಲಿ ಗೋಡೆಯ ಗಡಿಯಾರದ ಟಿಕ್‌ಟಿಕ್ ಮೈಕಿನ ಮೂಲಕ ಬರತೊಡಗಿತು.

ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ತಂತಿ ಇದ್ದರೆ ಮಾವನ ಜೀವ ಸುರಕ್ಷಿತ, ದನಿ ಇಲ್ಲ. ತಂತಿ ಕಿತ್ತರೆ ದನಿ ಇದೆ, ಜೀವದ ಬಗ್ಗೆ ಹೇಳಲಾಗುವುದಿಲ್ಲ. ಸಾವಿರದಲ್ಲಿ ಒಂದು ಪೆಟ್ಟಿಗೆಯಲ್ಲೂ ಹಾಗೆ ತಂತಿ ಸವೆಯುವುದಿಲ್ಲ ಎಂದು ಒಂದು ಮನಸ್ಸು. ಆ ಒಂದು ಪೆಟ್ಟಿಗೆ ಮಾಡಿದವನು ಯಾರು ಎಂದು ಕೇಳಿದರೆ ಇನ್ನೊಂದು ಮನಸ್ಸು ನನ್ನ ಕಡೆಗೇ ಬೆರಳು ತೋರಿಸುತ್ತಿತ್ತು. ಕೋರ್ಟಿನಲ್ಲಿ ಇಬ್ಬರು ವಕೀಲರ ವಾದ ಕೇಳಿ ಸಾಕಾದವನಿಗೆ ಮನೆಗೆ ಬಂದರೆ ಇದೊಂದು ಪ್ರಕರಣ. ಕೊನೆಗೆ ಹೆಂಡತಿಯ ಮುಂದೆ ಇಟ್ಟೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅಪ್ಪನ ದನಿ ಡಾಕ್ಟರು ಕಳದ್ರು," ಎಂದಳು. "ಉಳಿದದ್ದ ನೀವು ಕಳೀಬ್ಯಾಡ್ರಿ. ರಾಣೇಬೆನ್ನೂರಿಗೆ ಹೋಗಿ ತಿಳದವ್ರನ್ನ ಕೇಳಿ ಬರ್ರಿ."

ಪೆಟ್ಟಿಗೆಯನ್ನು ಅವಳ ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಗಾಡಿ ಹತ್ತಿದೆ. ಎದುರಿನ ಸೀಟಿನವರು ಕೂಸು ಗಂಡೋ ಹೆಣ್ಣೋ ಎಂದು ಕೇಳಿದರು.

ಚಾಚಾ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಬಾಯಲ್ಲೇ ಎಣಿಸಿದರು. ತಗಡಿಗೆ ಬಿಗಿದ ತಂತಿಗಳು ಹನ್ನೊಂದಿದ್ದವು.

"ಕಾರಕೂನ್ ಸಾಹೇಬ್ರ, ಇದು ಆಂಪ್ಲಿಫೈಯರ್ ಅಲ್ರಿ," ಎಂದರು, ತೀರ ಮೃದುವಾಗಿ. "ದರ್ಗಾದ ಕಿಟಕಿ ಜಾಲಿ. ಹರಕಿ ದಾರ ಕಟ್ಟಿದಂಗ ಕಟ್ಟೀರಲ್ಲ."

ಹೆದರಿಕೆಯಿಂದ ಕಟ್ಟಿದ್ದು ಎಂದೆ. ಹರಕೆಯ ದಾರವನ್ನೂ ಜನ ಅದಕ್ಕೇ ಕಟ್ಟುತ್ತಾರೆ ಎಂದರು. ಆಮೇಲೆ ಚಹಾ ತರಿಸಿ, ನನ್ನ ಹನ್ನೊಂದು ಹರಕೆಗಳೇ ಗುಂಯ್‌ಗುಡುತ್ತಿವೆ ಎಂಬುದನ್ನು ವಿವರಿಸಿದರು. ಹೊಲದಿಂದ ನೀರು ಹೊರಗೆ ಹೋಗಲು ಒಂದು ಕಾಲುವೆ ಸಾಕು. ಹನ್ನೊಂದು ತೋಡಿ ಒಂದಕ್ಕೊಂದು ಕೂಡಿಸಿದರೆ ನೀರು ಹೊರಗೆ ಹೋಗುವುದನ್ನು ಬಿಟ್ಟು ಹೊಲದೊಳಗೇ ಸುತ್ತುತ್ತದೆ. ಕರೆಂಟೂ ಅಷ್ಟೇ. ತಗಡಿನಲ್ಲಿ ಹಾದಿಗಳು ಹೆಚ್ಚಾಗಿ ಅದು ಸುತ್ತು ಹೊಡೆಯುತ್ತಿದೆ, ಸುತ್ತಿನ ಸದ್ದು ಮೈಕಿನ ಸಣ್ಣ ದನಿಯೊಳಗೆ ನುಗ್ಗುತ್ತಿದೆ. ಮನೆಯ ಪಿನ್ನಿನಿಂದ ಒಂದು, ನಳದಿಂದ ಇನ್ನೊಂದು ಎಂದು ಎರಡು ಅರ್ಥಿಂಗ್ ಕೊಟ್ಟದ್ದಂತೂ ಊರ ಸುತ್ತ ಹಾದಿ ಮಾಡಿಕೊಟ್ಟಂತೆ.

ಹಾಗಾದರೆ ಪಿನ್ನಿನ ಹಸಿರು ತಂತಿಯನ್ನೇ ಕಿತ್ತುಬಿಡಲೇ, ಗುಂಯ್ ಹೋಗುತ್ತದೆ, ನಾನೇ ನೋಡಿದ್ದೇನೆ ಎಂದೆ. ಚಾಚಾ ಚಹಾದ ಬಟ್ಟಲು ಕೆಳಗಿಟ್ಟರು.

"ಹೋಗ್ತೈತಿ. ಖರೇ," ಎಂದರು. "ಗುಂಯ್ ಅನ್ನೂದೂ ಹೋಗ್ತೈತಿ, ಒಂದಿನ ಮಾಸ್ತರೂ ಹೋಗ್ತಾರ. ಆ ವಾಯರ್ ಗುಂಯ್ ಅನ್ಸೂದಿಲ್ರಿ, ಅದು ಕಾವಲು ಕುಂತೈತಿ. ಕಾವಲವ್ನ ಗೊರಕಿ ತ್ರಾಸ ಅಂತ ಕಾವಲನ ತಗೀತೀರೇನು?"

ಹನ್ನೊಂದನ್ನೂ ಅವರೇ ಕತ್ತರಿಸಿದರು. ಒಳಗಿನ ಎಲ್ಲ ಅರ್ಥಿಂಗಿನ ತಂತಿಗಳನ್ನು ಒಂದೇ ಒಂದು ಬೋಲ್ಟಿಗೆ ತಂದರು. ಆ ಬೋಲ್ಟಿನಿಂದ ತಗಡಿಗೆ ಒಂದು ತಂತಿ, ತಗಡಿನಿಂದ ಪಿನ್ನಿಗೆ ದಪ್ಪ ಹಸಿರು ತಂತಿ. ಮೈಕು ಸಿಕ್ಕಿಸುವ ತೂತು ತಗಡಿಗೆ ತಾಗದಂತೆ ಹಳೆಯ ಸೈಕಲ್ ಟ್ಯೂಬಿನಿಂದ ಬಿಲ್ಲೆ ಕತ್ತರಿಸಿ ನಡುವೆ ಇಟ್ಟರು. ಟ್ರಾನ್ಸ್‌ಫಾರ್ಮರನ್ನು ಮೈಕಿನ ಬದಿಯಿಂದ ದೂರದ ಮೂಲೆಗೆ ಕಳಿಸಿದರು, ಜಗಳಗಂಟ ಅಣ್ಣತಮ್ಮಂದಿರನ್ನು ಬೇರೆ ಬೇರೆ ಕೋಣೆಯಲ್ಲಿ ಮಲಗಿಸುವ ಹಾಗೆ. ಪಿನ್ನಿನೊಳಗೆ ಹಸಿರು ತಂತಿಯನ್ನು ಉಳಿದೆರಡಕ್ಕಿಂತ ಎರಡು ಬೆರಳು ಉದ್ದ ಬಿಡಲು ಹೇಳಿದರು. ಯಾರಾದರೂ ಎಡವಿ ಜಗ್ಗಿದರೂ ಅದು ಎಲ್ಲಕ್ಕಿಂತ ಕಡೆಗೆ ಹರಿಯಬೇಕು. ಇದನ್ನೆಲ್ಲ ನಾನು ಕೋರ್ಟಿನ ಉದ್ದ ಹಾಳೆಯ ಮೇಲೆ ಕಲಂ ಸಂಖ್ಯೆ ಹಾಕಿ ಬರೆದುಕೊಂಡೆ. ಒಂದು ಬದಿ ತುಂಬಿತು. ಹೊರಡುವಾಗ ಹೇಳಿದ ಕೊನೆಯ ಎರಡು ಮಾತುಗಳನ್ನು ಹಿಂಬದಿಯಲ್ಲಿ ಬರೆದೆ. ಮುಂಬದಿಯ ಕೊನೆಗೆ ಪುಟ ತಿರುಗಿಸಿ ನೋಡಿ ಎಂದು ಬರೆಯುವುದನ್ನು ಮರೆತೆ. ಹನ್ನೆರಡು ವರ್ಷ ಕಾರಕೂನಿಕೆ ಮಾಡಿದ ಯಾವನೂ ಮಾಡಬಾರದ ತಪ್ಪು.

ಹಾವೇರಿಗೆ ಬಂದು ನಳದ ಗಂಟು ಬಿಚ್ಚಿದಂತೆಯೇ ಬಿಟ್ಟು, ಪಿನ್ನು ಸಿಕ್ಕಿಸಿ ಗುಂಡಿ ಒತ್ತಿದೆ. ಏನೂ ಕೇಳಲಿಲ್ಲ. ಸುಟ್ಟೇಹೋಯಿತು ಎಂದುಕೊಂಡೆ. ಅಡುಗೆಮನೆಯಿಂದ ಹೆಂಡತಿ ಬಂದು ಮೈಕಿಗೆ ಬಾಯಿಟ್ಟು, ಸುಟ್ಟಿಲ್ಲ ಎಂದು ಪಿಸುಗುಟ್ಟಿದಳು. ಅದು ಮನೆಯ ಮೂಲೆಮೂಲೆಗೂ ಕೇಳಿತು.

ಸಾವ್ಕಾರ ಕೊಟ್ಟ ಗಡುವಿನ ಸೋಮವಾರ ರಜೆ ಹಾಕಿ ಇಬ್ಬರೂ ಬೆಳಗಿನ ಗಾಡಿಗೆ ಬ್ಯಾಡಗಿಗೆ ಹೋದೆವು. ಗೋದಾಮಿನಲ್ಲಿ ಕೆಂಪು ರಾಶಿಗಳ ನಡುವೆ ಐವತ್ತು ಮಂದಿ, ಬಾಯಿಗೆ ಸೆರಗು ಕಟ್ಟಿಕೊಂಡು ಕಾಯುತ್ತಿದ್ದರು. ಸಾವ್ಕಾರನ ಮೇಜಿನ ಮೇಲೆ ಹೊಸ ಟೇಪ್‌ರೆಕಾರ್ಡರ್ ತನ್ನ ಪಾಳಿಗಾಗಿ ಕುಳಿತಿತ್ತು. ಮಧ್ಯಾಹ್ನದ ಚಹಾದ ತನಕ ಮಾಸ್ತರರದು, ಸರಿಯಾಗದಿದ್ದರೆ ಆಮೇಲೆ ನನ್ನದು ಎಂದು ಅವನು ಮತ್ತೊಮ್ಮೆ ಹೇಳಿದ. ಮಾವ ಶುಭ್ರ ಧೋತರ ಉಟ್ಟು, ರಟ್ಟಿನ ಪುಸ್ತಕ ಹಿಡಿದು, ಪರೀಕ್ಷೆಗೆ ಕೂತ ವಿದ್ಯಾರ್ಥಿಯಂತೆ ಕುಳಿತಿದ್ದರು.

ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ನಡುವೆ ಹಾಲಿನಂತೆ ಬೆಳ್ಳಗಿನ ಮೂರು ತೂತಿನ ಸಾಕೆಟ್ಟು. ಪಿನ್ನು ಸಿಕ್ಕಿಸಿ ಗುಂಡಿ ಒತ್ತಿದೆ.

ಗುಂಯ್.

ಹೆಣ್ಣುಮಕ್ಕಳು ಸೆರಗಿನೊಳಗೇ ನಕ್ಕರು. ಜೇನು ಎಲ್ಲಿ ಕಟ್ಟಿದೆಯೆಂದು ಒಬ್ಬಳು ಮಾಡು ನೋಡಿದಳು. ನಾನು ಬೆವರುತ್ತ ಪೆಟ್ಟಿಗೆಯ ಮೇಲೆ ಕೈಯಿಟ್ಟು ಬಗ್ಗಿದೆ, ಗುಂಯ್ ಇಳಿಯಿತು. ಕೈ ತೆಗೆದೆ, ಏರಿತು. ಇಟ್ಟೆ, ಇಳಿಯಿತು. ಮಾವನ ಮುಖ ಅರಳಿತು. ಅವರು ಆಯಿಯ ಕಿವಿಯಲ್ಲಿ ಏನೋ ಹೇಳಿದರು, ಆಯಿ ಅದನ್ನು ಗೋದಾಮಿಗೆಲ್ಲ ಸಾರಿದಳು:

"ಅಳಿಯದೇವ್ರು ಹಿಂಗ ಕೈ ಇಟ್ಕೊಂಡು ಕುಂತಬಿಡ್ಲಿ ಅಂತಾರ. ಕತಿ ಮುಗಿಯೂತನಕ."

ಒಂದು ನಿಮಿಷ ನನಗೂ ಹೆಮ್ಮೆಯೇ ಆಯಿತು ಎನ್ನಬೇಕು. ಮುಟ್ಟಿ ಗುಣಮಾಡುವ ಸಾಧುಗಳಿರುತ್ತಾರಲ್ಲ, ಹಾಗೆ ಕುಳಿತಿದ್ದೆ. ಅಂಗೈಯಲ್ಲಿ ಸಣ್ಣಗೆ ಜುಂ ಎನ್ನುತ್ತಿತ್ತು. ಆಮೇಲೆ ತಲೆ ಕೆಲಸ ಮಾಡಿತು. ನಾನು ಮುಟ್ಟಿದರೆ ಯಾಕೆ ಇಳಿಯುತ್ತದೆ? ಬರಿಗಾಲಿನಲ್ಲಿ ಹಸಿ ನೆಲದ ಮೇಲೆ ಕುಳಿತ ನಾನೇ ಅದರ ಭೂಮಿಯಾಗಿದ್ದೇನೆ. ಅಂದರೆ ಅದಕ್ಕೆ ಬೇರೆ ಭೂಮಿ ಇಲ್ಲ. ಇದು ಮನೆಯಲ್ಲಿ ಕೇಳಿದ ಸುತ್ತಿನ ಗುಂಯ್ ಅಲ್ಲ, ನೆಲ ಸಿಗದ ತಗಡಿನ ಗುಂಯ್. ಮಾವ ಮೈಕಿಗೆ ಕೈ ಚಾಚುತ್ತಿದ್ದರು. ನಾನು ಪಿನ್ನನ್ನು ಗೋಡೆಯಿಂದ ಹೇಗೆ ಕಿತ್ತೆನೋ ನೆನಪಿಲ್ಲ. ಪೆಟ್ಟಿಗೆ ಜಗ್ಗಿ, ಮೈಕು ಅವರ ಕೈಗೆ ಸಿಗುವ ಮುಂಚೆಯೇ ಹಾರಿ ಮೆಣಸಿನಕಾಯಿ ರಾಶಿಯ ಮೇಲೆ ಬಿತ್ತು.

ಕಿಸೆಯಿಂದ ಚಾಚಾರ ಹಾಳೆ ತೆಗೆದೆ. ಅವಸರದಲ್ಲಿ ಅದು ಮಗುಚಿ ಬಿತ್ತು. ಹಿಂಬದಿಯಲ್ಲಿ ನನ್ನದೇ ದುಂಡು ಅಕ್ಷರ. ಕಲಂ ಹದಿನಾಲ್ಕು: ಮೂರನೇ ತೂತು ಕಂಡಿತೆಂದು ನಂಬಬಾರದು, ಗೋಡೆಯ ಹಿಂದೆ ಏನಿದೆ ನೋಡಬೇಕು, ಬಲ್ಬು ಹಚ್ಚಿ ಪರೀಕ್ಷಿಸಬೇಕು. ಕಲಂ ಹದಿನೈದು: ಇಲ್ಲದಿದ್ದರೆ ಗುಂಡಿ ತೋಡಿ ಅರ್ಥಿಂಗ್ ಮಾಡಬೇಕು, ರೀತಿ ಹೀಗೆ.

ಮುಖ್ಯ ಸ್ವಿಚ್ಚು ಆರಿಸಿ ಸಾಕೆಟ್ಟು ಬಿಚ್ಚಿದೆವು. ಎರಡು ತೂತುಗಳಿಗೆ ತಂತಿ ಬಂದಿತ್ತು. ಮೂರನೆಯದರ ಹಿಂದೆ ಒಂದು ಜೇಡ ಸಂಸಾರ ಹೂಡಿತ್ತು. ವಾರವೆಲ್ಲ ಹಸಿರು ತಂತಿ ಕೀಳಲೋ ಬಿಡಲೋ ಎಂದು ಊಟ ಬಿಟ್ಟು ಚಿಂತಿಸಿದೆನಲ್ಲ, ಆ ತಂತಿ ಇಲ್ಲಿ ಹೋಗಿ ಸೇರುತ್ತಿದ್ದುದು ಜೇಡನ ಮನೆಗೆ. ಜಗತ್ತಿನಲ್ಲಿ ಚಿಂತಿಸಬಹುದಾದ್ದನ್ನೆಲ್ಲ ಚಿಂತಿಸಿದವನು ಚಿಂತಿಸಲೇಬೇಕಾಗಿದ್ದ ಒಂದನ್ನು ಹಾಳೆಯ ಹಿಂಬದಿಗೆ ಹಾಕಿದ್ದೆ.

ಮಾವ ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದರು. ಅದನ್ನು ನೋಡಿ ಆಯಿ ಎದ್ದಳು. ಏನು ಬೇಕು ಎಂದು ನನ್ನನ್ನೇ ನೇರವಾಗಿ ಕೇಳಿದಳು. ಎದೆಯುದ್ದದ ಗುಂಡಿ, ಕಬ್ಬಿಣದ ಪೈಪು, ಇದ್ದಿಲು, ಹರಳುಪ್ಪು, ನೀರು ಎಂದು ಹಾಳೆ ನೋಡಿ ಓದಿದೆ. ಬೀಗರಿಗೆ ಅಡುಗೆ ಮಾಡಲು ಸಾಮಾನು ಕೇಳಿಕೊಂಡಂತೆ ತಲೆಯಾಡಿಸಿದಳು. ಗೋದಾಮಿನ ಹೊರಗೆ, ಚಿಮುಕಿಸಿದ ನೀರು ಹರಿದು ಹೋಗಿ ಯಾವಾಗಲೂ ಹಸಿಯಿರುವ ಜಾಗದಲ್ಲಿ ನಾಲ್ವರು ಗುದ್ದಲಿ ಹಿಡಿದರು. ಹೊಲದ ಕೆಲಸದ ಕೈಗಳು, ನಾನು ತೋಳು ಮಡಚುವಷ್ಟರಲ್ಲಿ ಮೊಣಕಾಲುದ್ದ ತೋಡಿದ್ದರು. ಇಸ್ತ್ರಿ ಅಂಗಡಿಯಿಂದ ಇದ್ದಿಲು ಬಂತು. ಉಪ್ಪು ಸಾವ್ಕಾರನ ಮನೆಯಿಂದಲೇ ಬಂತು, ಪೈಪು ಕೆಟ್ಟುಹೋದ ಅವನ ಬೋರಿನದು. ಸಾವ್ಕಾರ ಗಡಿಯಾರ ನೋಡಿಕೊಳ್ಳುತ್ತ ಗುಂಡಿಯ ದಂಡೆಗೆ ಬಂದ.

"ಕತಿ ಓದಾಕ ಬಾವಿ ತೋಡಸಿದವ್ರು ನೀವ ಮೊದಲಿಗ್ರು ನೋಡ್ರಿ, ಮಾಸ್ತರ," ಎಂದ.

"ಆ ಹುಡುಗಿ ಬೀಳಾಕ ಜಾಗಾ ಮಾಡಾಕತ್ತೇವ್ರಿ ಸಾವ್ಕಾರ್ರ," ಎಂದಳು ಆಯಿ, ಇದ್ದಿಲು ಸುರಿಯುತ್ತ.

ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ನಡುವೆ ಪೈಪು. ಮೇಲೆ ಹತ್ತು ಕೊಡ ನೀರು. ಪೈಪಿನಿಂದ ದಪ್ಪ ತಂತಿಯನ್ನು ಜೇಡನ ಮನೆಯ ತನಕ ಎಳೆದು ಬಿಗಿದೆ. ಪರೀಕ್ಷೆಗೆ ಮುಂಚೆ ಗುಂಡಿಯ ಸುತ್ತ ಹತ್ತು ಹೆಜ್ಜೆ ಯಾರೂ ಇರಬಾರದೆಂದು ಎಲ್ಲರನ್ನೂ ಅಟ್ಟಿದೆ. ಎರಡು ಸಲ ಎಣಿಸಿದೆ, ಒಂದು ಕೋಳಿಯನ್ನೂ ಓಡಿಸಿದೆ. ಬಲ್ಬಿನ ಒಂದು ತಂತಿ ಕರೆಂಟಿನ ತೂತಿಗೆ, ಇನ್ನೊಂದು ಮೂರನೇ ತೂತಿಗೆ. ಬಲ್ಬು ಝಗ್ಗನೆ ಹತ್ತಿತು. ಮಣ್ಣಿನಿಂದ ದೀಪ ಹತ್ತಿತೆಂದು ಹೆಣ್ಣುಮಕ್ಕಳು ಬಾಯಿ ಮೇಲೆ ಕೈಯಿಟ್ಟುಕೊಂಡರು.

ಪಿನ್ನು ಸಿಕ್ಕಿಸಿದೆ. ಪೆಟ್ಟಿಗೆಗೆ ಟೆಸ್ಟರ್ ಹಚ್ಚಿದೆ, ಅದರ ಕೆಂಪು ಕಣ್ಣು ತೆರೆಯಲಿಲ್ಲ. ಮೈಕನ್ನು ಮೊದಲು ನಾನೇ, ಅಂಗೈಯಿಂದಲ್ಲ, ಬೆರಳಿನ ಹಿಂಬದಿಯಿಂದ ಮುಟ್ಟಿದೆ. ಕರೆಂಟು ಹಿಡಿದರೆ ಅಂಗೈ ಮುಷ್ಟಿ ಕಟ್ಟುತ್ತದೆ, ಬಿಡುವುದಿಲ್ಲ. ಏನೂ ಆಗಲಿಲ್ಲ. ಮತ್ತೊಮ್ಮೆ ಮುಟ್ಟಿದೆ. ಮೂರನೆಯ ಸಲಕ್ಕೆ ಹೆಂಡತಿ ಮೈಕನ್ನು ನನ್ನಿಂದ ಕಸಿದು ಅಪ್ಪನ ಕೈಗೆ ಕೊಟ್ಟಳು.

ಗೋದಾಮಿನಲ್ಲಿ ಸದ್ದೇ ಇಲ್ಲ. ಪೆಟ್ಟಿಗೆ ಶುರುವಾಗಿದೆಯೋ ಇಲ್ಲವೋ ಎಂದು ಆಯಿ ಕಣ್ಣಿನಲ್ಲೇ ಕೇಳಿದಳು. ಅಷ್ಟರಲ್ಲಿ ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಐವತ್ತು ಮಂದಿ ಕೂತಲ್ಲೇ ಹಾರಿಬಿದ್ದರು. ಪುಟ ಮಗುಚಿದ್ದು ಕೇಳಿತು, ಬೆರಳಿಗೆ ಉಗುಳು ಹಚ್ಚಿದ್ದು ಕೇಳಿತು. ಆಮೇಲೆ ಅವರ ಪಿಸುದನಿ, ಯಾವ ಏರಿಳಿತವನ್ನೂ ಬಿಡದೆ, ಪ್ರತಿಯೊಬ್ಬಳ ಕಿವಿಯ ಹತ್ತಿರವೇ ಕುಳಿತು ಓದುತ್ತಿರುವಂತೆ ತಗಡಿನ ಮಾಡಿನ ಕೆಳಗೆ ಹರಡಿತು. ಬಾವಿಯ ಕಟ್ಟೆ ಹತ್ತಿದ ಹುಡುಗಿ ಇನ್ನೂ ಬಗ್ಗಿದಳು. ತೊಟ್ಟು ಬಿಡಿಸುವ ಕೈಗಳು ನಿಂತವು. ಸಾವ್ಕಾರನೂ ಅದನ್ನು ಗಮನಿಸಲಿಲ್ಲ, ಅವನೂ ಬಗ್ಗಿದ್ದ. ಹುಡುಗಿ ಮತ್ತಷ್ಟು ಬಗ್ಗಿ, ಕೈ ಚಾಚಿ, ರಾಟೆಯಿಂದ ಜಾರಿ ಸಿಕ್ಕಿಕೊಂಡಿದ್ದ ಹಗ್ಗವನ್ನು ಬಿಡಿಸಿಕೊಂಡು, ನೀರು ಸೇದಿ, ಕೊಡ ಹೊತ್ತು ಮನೆಗೆ ಹೋದಳು.

ಎರಡು ತಿಂಗಳು ಹಗ್ಗಕ್ಕಾಗಿ ನಿದ್ದೆಗೆಟ್ಟೆವಲ್ಲ ಎಂದು ಒಬ್ಬಳು ಗೊಣಗಿದಳು. ಆಮೇಲೆ ಗೋದಾಮು ನಕ್ಕ ನಗೆಗೆ ಮೈಕೂ ನಕ್ಕಿತು.

ಅದಾದ ಮೇಲೆ ಮಾವ ಆರು ವರ್ಷ ಅಲ್ಲಿ ಓದಿದರು. ಟೇಪ್‌ರೆಕಾರ್ಡರಿಗೆ ಸಂಜೆಯ ಪಾಳಿ ಸಿಕ್ಕಿತು. ಗುಂಡಿ ಒಣಗಬಾರದೆಂದು ನಾನು ಹೇಳಿದ್ದಕ್ಕೆ ಆಯಿ ಪ್ರತಿ ಬೆಳಗೂ ರಾಶಿಗೆ ಚಿಮುಕಿಸುವ ಮುಂಚೆ ಮೊದಲ ಕೊಡವನ್ನು ಅಲ್ಲಿ ಸುರಿಯುತ್ತಿದ್ದಳು. ನಾನು ಬ್ಯಾಡಗಿಗೆ ಹೋದರೆ ಮಾವನ ಕಾಲಿಗೆ ನಮಸ್ಕರಿಸುವ ಮುಂಚೆ ಗುಂಡಿಗೆ ಬೆರಳು ಚುಚ್ಚಿ ಹಸಿ ನೋಡುತ್ತಿದ್ದೆ ಎಂಬುದು ಇಂದಿಗೂ ಆ ಓಣಿಯ ಮಾತು.

ಆದರೆ ಆ ಮೊದಲ ದಿನದ್ದು ಇನ್ನೊಂದಿದೆ. ಓದು ಮುಗಿದು, ಚಹಾ ಬಂದು, ಹೆಣ್ಣುಮಕ್ಕಳು ಬಟ್ಟಲು ಹಿಡಿದು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಅವರ ನಡುವೆ ನಿಂತು ಫ್ಯೂಸಿನ ಬಗ್ಗೆ ಎಚ್ಚರಿಕೆ ಹೇಳುತ್ತಿದ್ದೆ. ಒಳಗೆ ಮಾವ ಪುಸ್ತಕಕ್ಕೆ ದಾರ ಸುತ್ತುತ್ತ ಮಗಳ ಕಡೆ ಬಾಗಿದ್ದರು. ಮೈಕು ಅವರ ತೊಡೆಯ ಮೇಲೇ ಇತ್ತು, ಆರಿಸುವುದನ್ನು ನಾನು ಮರೆತಿದ್ದೆ.

"ನಿನ್ನ ಗಂಡ ಅಂಜುಬುರುಕ ಖರೆ," ಎಂದಿತು ಸ್ಪೀಕರು, ಇಡೀ ಓಣಿಗೆ. "ಆದ್ರೂ ಹತ್ತಕ್ಕ ಎಂಟು ಕೊಡ್ತೇನಿ. ಅಂವಗ ಹೇಳಬ್ಯಾಡ."

ಕಟ್ಟೆಯ ಮೇಲೆ ಐವತ್ತು ಮಂದಿ ನನ್ನ ಮುಖ ನೋಡಿದರು. ಆಯಿ ಬಟ್ಟಲು ಕೆಳಗಿಟ್ಟು ಬಾಗಿಲ ಕಡೆ ತಿರುಗಿದಳು.

"ಮಾಸ್ತರ, ಹೇಳಬ್ಯಾಡ ಅಂದದ್ದೂ ಕೇಳಿಸ್ತ್ರಿ."